ಗೌರವ್ವನಿಗೆ ಒಬ್ಬ ತಾಯಿ

ಈ ಸಭೆಯ ಅಧ್ಯಕ್ಷರೂ ನಮ್ಮ ಬಡಾವಣೆಯ ಅರ್ಧ ಜನಕ್ಕೆ ಕಾಗುಣಿತ ಕಲಿಸಿದ ಮುಖ್ಯೋಪಾಧ್ಯಾಯರೂ ಆದ ಸೇತುರಾಮ ಅವರೇ, ಇಂದು ನಾವೆಲ್ಲ ಸೇರಿ ಸನ್ಮಾನಿಸುತ್ತಿರುವ ಕಾದಂಬರಿಗಾರ್ತಿ ಶ್ರೀಮತಿ ಅನಂತಲಕ್ಷ್ಮಿಯವರೇ, ಸಂಘದ ಕಾರ್ಯದರ್ಶಿ ಶ್ಯಾಮಸುಂದರ ಅವರೇ, ರಾಜಾಜಿನಗರದ ಎಲ್ಲ ಬ್ಲಾಕುಗಳಿಂದ ಬಂದಿರುವ, ಸುಂಕದಕಟ್ಟೆಯ ಕಡೆಯಿಂದ ಕೊನೆಯ ಬಸ್ಸಿನ ಚಿಂತೆಯನ್ನೂ ಜೊತೆಗೇ ಕರೆತಂದಿರುವ ಸಭಿಕರೇ, ಹಾಗೂ ಬಿಸಿಬೇಳೆ ಭಾತಿನ ವಾಸನೆ ಹಿಡಿದು ಈಗಷ್ಟೇ ಒಳಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುವ ಮಹನೀಯರೇ,

ನನಗೆ ಕೊಟ್ಟಿರುವ ವಿಷಯ ‘ಪಾತ್ರಗಳ ದೋಷ ಮತ್ತು ಅವು ಬೆಳೆದು ಬಂದ ರೀತಿ’. ಇಂಥ ಘನವಾದ ವಿಷಯವನ್ನು ನನಗೇಕೆ ಕೊಟ್ಟಿರಿ ಎಂದು ಶ್ಯಾಮಸುಂದರ ಅವರನ್ನು ಕೇಳಿದೆ. “ಬೇರೆಯವ್ರ ತಪ್ಪು ಹುಡುಕೋದ್ರಲ್ಲಿ ನಿಮ್ಮನ್ನ ಮೀರ್ಸೋರು ಈ ಏರಿಯಾದಲ್ಲಿ ಯಾರಿದಾರೆ ಸಾರ್?” ಎಂದರು. ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡು ಒಪ್ಪಿಕೊಂಡೆ.

ಅವರ ಮಾತು ಸುಳ್ಳೂ ಅಲ್ಲ. ನನ್ನ ಹೆಸರು ಚನ್ನವೀರಪ್ಪ. ಇಲ್ಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ದೋಷ ಹುಡುಕುವುದಕ್ಕೆ ನನಗೆ ಸಂಬಳ. ಸಂಜೆ ಮನೆಗೆ ಬಂದು ಕಾದಂಬರಿ ಓದಿ ಸಂಬಳವಿಲ್ಲದೆ ಅದೇ ಕೆಲಸ ಮುಂದುವರಿಸುತ್ತೇನೆ. ಸಾಹಿತಿ ನಾನಲ್ಲ. ಯಾವ ಪಂಥಕ್ಕೂ ಸೇರಿದವನಲ್ಲ. ಆದ್ದರಿಂದ ಇಂದು ನಾನು ಆಡುವ ಮಾತಿನಲ್ಲಿ ರಾಗವೂ ಇಲ್ಲ, ದ್ವೇಷವೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮಲ್ಲಿ ಎರಕದ ಭಾಗಗಳು ಬರುತ್ತವೆ. ನೋಡುವುದಕ್ಕೆ ಗಟ್ಟಿಯಾಗಿ, ದುಂಡಗೆ, ಲಕ್ಷಣವಾಗಿಯೇ ಇರುತ್ತವೆ. ಲೇತಿಗೆ ಹಾಕಿ ಮೇಲಿನ ಪದರ ತೆಗೆದಾಗ ಒಳಗೊಂದು ಸಣ್ಣ ಗುಳಿ ಕಾಣುತ್ತದೆ. ಆಗ ಎಲ್ಲರೂ ಲೇತಿನವನನ್ನು ಬೈಯುತ್ತಾರೆ. ಅವನೇನು ಮಾಡಿಯಾನು? ಗುಳಿ ಮಾಡಿದವನು ಅವನಲ್ಲ, ತೋರಿಸಿದವನು ಮಾತ್ರ. ಲೋಹ ಸುರಿದ ದಿನವೇ ಗಾಳಿ ಒಳಗೆ ಸಿಕ್ಕಿಕೊಂಡಿತ್ತು. ಕಾದಂಬರಿಯ ಪಾತ್ರವೂ ಹೀಗೆಯೇ. ಮದುವೆಯಾದ ಮೇಲೆ, ಮಕ್ಕಳಾದ ಮೇಲೆ, ಬಾಡಿಗೆದಾರರು ಬಂದ ಮೇಲೆ ದೋಷ ಕಾಣಿಸಿಕೊಳ್ಳಬಹುದು. ಆದರೆ ಅದು ಒಳಗೆ ಸೇರಿದ್ದು ಯಾವಾಗ? ಯಾರ ಮನೆಯಲ್ಲಿ? ಯಾರ ಕೈಯಲ್ಲಿ? ಇದನ್ನು ಕೇಳದ ಲೇಖಕ ಲೇಖಕನೇ? ಇದನ್ನು ಕೇಳದ ಓದುಗ ಓದುಗನೇ?

ಇನ್ನೊಂದು ಮಾತು. ಒಮ್ಮೆ ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಒಬ್ಬರು, ಬಂದಿದ್ದ ಮಾಲನ್ನೆಲ್ಲ ‘ತೂತಿದೆ’ ಎಂದು ಕೆಂಪು ಬಣ್ಣ ಬಳಿದು ಆಚೆಗಿಟ್ಟರು. ಅದು ಎಣ್ಣೆ ಹೋಗಲೆಂದು ಬೇಕೆಂದೇ ಬಿಟ್ಟಿದ್ದ ತೂತು. ಡ್ರಾಯಿಂಗಿನ ಎರಡನೆಯ ಹಾಳೆಯಲ್ಲಿ ಸ್ಪಷ್ಟವಾಗಿ ತೋರಿಸಿತ್ತು. ಆ ಎರಡನೆಯ ಹಾಳೆ ಅವರ ಕೈಗೆ ಬಂದಿರಲಿಲ್ಲ, ಅಷ್ಟೇ. ಅವರ ಹೆಸರು ಹೇಳುವುದು ಸಭ್ಯತೆಯಲ್ಲ. ಮುನಿರಾಜು, ನೀವು ತಲೆ ತಗ್ಗಿಸಬೇಕಾಗಿಲ್ಲ.

ಈಗ ಪ್ರಕೃತಕ್ಕೆ ಬರುತ್ತೇನೆ. ಅನಂತಲಕ್ಷ್ಮಿಯವರ ‘ಒಂದೇ ಮೀಟರಿನ ಮನೆ’ ಕಾದಂಬರಿಗೆ ಬಹುಮಾನ ಬಂದದ್ದು ನಮಗೆಲ್ಲ ಹೆಮ್ಮೆಯ ವಿಷಯ. ಬೆಂಗಳೂರಿನಲ್ಲಿ ಮನೆ ಮಾಲೀಕರೂ ಬಾಡಿಗೆದಾರರೂ ಒಂದೇ ಕಾಂಪೌಂಡಿನಲ್ಲಿ, ಒಂದೇ ನಲ್ಲಿಯ ನೀರು ಹಿಡಿದುಕೊಂಡು, ಒಂದೇ ವಿದ್ಯುತ್ ಮೀಟರಿನ ಚಕ್ರವನ್ನು ಇಬ್ಬರೂ ಕದ್ದು ನೋಡುತ್ತಾ ಬದುಕುವ ರೀತಿಯನ್ನು ಇಷ್ಟು ಚೆನ್ನಾಗಿ ಬೇರೆ ಯಾರೂ ಬರೆದಿಲ್ಲ. ಓದಿದವರೆಲ್ಲ “ಅಯ್ಯೋ, ಇದು ನಮ್ಮ ಮನೇದೇ ಕಥೆ” ಎಂದರು. ನಮ್ಮ ಮನೆಯಲ್ಲೂ ಅಂದೆವು. ನಾವು ಹಾಗೆ ಅನ್ನುವುದಕ್ಕೆ ಸ್ವಲ್ಪ ಹೆಚ್ಚಿನ ಕಾರಣವಿತ್ತು. ಲೇಖಕಿಯವರು ವಿಜಯನಗರಕ್ಕೆ ಹೋಗುವ ಮೊದಲು ನಾಲ್ಕು ವರ್ಷ ನಮ್ಮ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದರು.

ಕಾದಂಬರಿಯ ಮನೆ ಮಾಲೀಕಳ ಹೆಸರು ಗೌರವ್ವ. ವಿಧವೆ, ಒಬ್ಬನೇ ಮಗ, ಮಹಾ ಜಿಪುಣಿ. ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿಗಾಗಿ ಜಗಳ ತೆಗೆಯುತ್ತಾಳೆ. ಬಾಡಿಗೆಯವರ ವರಾಂಡದ ದೀಪವನ್ನು ತಾನೇ ಹೋಗಿ ಆರಿಸಿ ಬರುತ್ತಾಳೆ. ಎಲ್ಲಕ್ಕಿಂತ ಮಿಗಿಲಾಗಿ, ಊಟವಾದ ಮೇಲೆ ತನ್ನ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತಿಕ್ಕಿ ತೊಳೆದು, ಆ ನೀರನ್ನೂ ಕುಡಿಯುತ್ತಾಳೆ. ಅದನ್ನು ಕಿಟಕಿಯಿಂದ ಕಂಡ ಬಾಡಿಗೆಯ ಹೆಂಗಸು ಗಂಡನಿಗೆ ಹೇಳುತ್ತಾಳೆ: “ತಟ್ಟೆ ತೊಳೆದ ನೀರನ್ನೂ ಬಿಡದವಳು ನಮ್ಮನ್ನು ಬಿಡುತ್ತಾಳೆಯೇ?” ಈ ವಾಕ್ಯ ಎಷ್ಟು ಜನಪ್ರಿಯವಾಯಿತೆಂದರೆ, ಈಗ ನಮ್ಮ ಬೀದಿಯ ರೇಷನ್ ಅಂಗಡಿಯಲ್ಲಿ ತೂಕ ಕಡಿಮೆ ಬಂದರೂ ಜನ “ಇವ್ನು ತಟ್ಟೆ ನೀರೂ ಬಿಡೋನಲ್ಲ” ಎನ್ನುತ್ತಾರೆ. ಒಬ್ಬ ಲೇಖಕಿಗೆ ಇದಕ್ಕಿಂತ ದೊಡ್ಡ ಬಹುಮಾನವುಂಟೇ?

ಸಭಿಕರೇ, ನಮ್ಮ ಕಡೆಯವರು, ಅಂದರೆ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದ ಲಿಂಗಾಯತ ಮನೆಗಳವರು, ಈ ಸಭಾಂಗಣದಲ್ಲಿ ಕಾಲು ಭಾಗವಾದರೂ ಇದ್ದೀರಿ. ಪ್ರಸಾದ ಕೆಡಬಾರದೆಂದು ತಟ್ಟೆ ತೊಳೆದು ಕುಡಿಯುವುದು ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಯಾರ್‍ಯಾರ ಮನೆಯಲ್ಲಿ ಈಗಲೂ ಆ ಪದ್ಧತಿಯಿದೆ, ಕೈ ಎತ್ತಿ ಎಂದು ಕೇಳುವುದೂ ಇಲ್ಲ. ಕೇಳಿದರೆ ಎಷ್ಟು ಕೈ ಮೇಲೇಳುತ್ತವೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು.

ಇಲ್ಲಿ ವಿಮರ್ಶಕನಾಗಿ ನಾನು ಮೂರು ದೋಷಗಳನ್ನೂ ಬೇರೆಬೇರೆ ಮಾಡಿ ನೋಡಿದೆ. ತಂತಿಯ ಜಗಳ ಅಕ್ಷರಶಃ ನಿಜ. ನಮ್ಮ ತಾಯಿ ಕಲ್ಯಾಣಮ್ಮನವರು ಆ ತಂತಿಯ ವಿಷಯದಲ್ಲಿ ಯಾರ ಮಾತನ್ನೂ ಕೇಳಿದವರಲ್ಲ. ಒದ್ದೆ ಸೀರೆಯ ತುದಿ ತಮ್ಮ ತುಳಸಿ ಗಿಡಕ್ಕೆ ತಾಗಿತೆಂದು ಅನಂತಲಕ್ಷ್ಮಿಯವರ ಜೊತೆ ಎರಡು ದಿನ ಮಾತು ಬಿಟ್ಟಿದ್ದರು. ಪಾಸ್. ಎರಡನೆಯದು ದೀಪ. ಇದರಲ್ಲಿ ಪಾಠಾಂತರವಿದೆ. ವರಾಂಡದ ದೀಪ ಆರಿಸುತ್ತಿದ್ದವರು ನಮ್ಮ ತಾಯಿಯಲ್ಲ, ನಾನು. ನಗಬೇಡಿ, ಇದು ವಿಮರ್ಶೆ. ಇಬ್ಬರ ದೋಷವನ್ನು ಒಬ್ಬರ ತಲೆಗೆ ಕಟ್ಟುವುದು ಕಾದಂಬರಿಯಲ್ಲಿ ಅನುಮತಿಯಿರುವ ಮಿತವ್ಯಯ. ಆ ದೀಪದ ಕೆಳಗೆ ಕುಳಿತೇ ಅವರು ಬರೆಯುತ್ತಿದ್ದರು ಎಂಬುದು ಬಹುಮಾನ ಬಂದ ಮೇಲೆ ವಾರಪತ್ರಿಕೆಯ ಸಂದರ್ಶನದಲ್ಲಿ ಓದಿ ನನಗೆ ತಿಳಿಯಿತು. ಮೊದಲೇ ತಿಳಿದಿದ್ದರೆ ಆರಿಸುತ್ತಿದ್ದೆನೋ ಇಲ್ಲವೋ, ಹೇಳಲಾರೆ. ಈ ದೋಷಕ್ಕೆ ನನ್ನ ಬಾಲ್ಯದಲ್ಲಿ ಕಾರಣ ಸಿಗುತ್ತದೆಯೇ ಎಂದು ಈ ಭಾಷಣಕ್ಕಾಗಿಯೇ ಹುಡುಕಿದೆ. ಸಿಗಲಿಲ್ಲ. ನಮ್ಮ ಮನೆಯಲ್ಲಿ ದೀಪಕ್ಕೆ ಎಣ್ಣೆ ಕಡಿಮೆಯಾದ ನೆನಪಿಲ್ಲ. ಸಾಕಿದವರು ಅದೇ ತಾಯಿ, ಉಣಿಸಿದ್ದು ಅದೇ ತಟ್ಟೆ. ಆದರೂ ನಾನು ಹೀಗಾದೆ. ಆದ್ದರಿಂದ ಎಲ್ಲ ದೋಷಕ್ಕೂ ಬಾಲ್ಯವೇ ಕಾರಣವೆಂಬ ಸಿದ್ಧಾಂತ ಪೂರ್ತಿ ಸರಿಯಲ್ಲ ಎಂದು ಇಲ್ಲೇ ದಾಖಲಿಸುತ್ತೇನೆ. ವಿಷಯ ಕೊಟ್ಟ ಕಾರ್ಯದರ್ಶಿಗಳು ಕ್ಷಮಿಸಬೇಕು.

ಮೂರನೆಯದು ತಟ್ಟೆ. ಇದು ದೋಷವೋ, ಎಣ್ಣೆಗೆಂದು ಬಿಟ್ಟ ತೂತೋ?

ಲೇಖಕಿಯವರ ಕಣ್ಣಿಗೆ ಅದು ಜಿಪುಣತನವಾಗಿ ಕಂಡದ್ದು ಆಶ್ಚರ್ಯವಲ್ಲ. ಪಾತ್ರಗಳಿಗೆ ಬಾಲ್ಯವಿರುವಂತೆ ಲೇಖಕರಿಗೂ ಇರುತ್ತದೆ. ಅವರೇ ಒಮ್ಮೆ ನಮ್ಮ ಜಗುಲಿಯಲ್ಲಿ ಕುಳಿತು ಹೇಳಿದ್ದರು, ಅವರಜ್ಜಿಯ ಮನೆಯಲ್ಲಿ ಎಂಜಲಿನ ವಿಷಯ ಎಷ್ಟು ಬಿಗಿಯಾಗಿತ್ತೆಂದು. ಉಣ್ಣುವ ಕೈ ಮಜ್ಜಿಗೆ ಸೌಟಿಗೆ ತಾಗಿದರೆ ಮಜ್ಜಿಗೆಯನ್ನೇ ಚೆಲ್ಲುತ್ತಿದ್ದರಂತೆ. ಉಂಡ ಎಲೆಯ ಕಡೆ ತಿರುಗಿ ನೋಡಿದರೂ ಅಜ್ಜಿ “ಏಳೇ, ಕೈ ತೊಳ್ಕೋ ಹೋಗೇ” ಎಂದು ಗದರುತ್ತಿದ್ದರಂತೆ. ಹಾಗೆ ಬೆಳೆದ ಹುಡುಗಿ, ಉಂಡ ತಟ್ಟೆಯ ನೀರನ್ನು ಒಬ್ಬರು ಕಣ್ಣು ಮುಚ್ಚಿಕೊಂಡು ಕುಡಿಯುವುದನ್ನು ಕಂಡರೆ ಏನೆಂದುಕೊಂಡಾಳು? ಅಸಹ್ಯವೆಂದು ಬರೆಯಲು ಅವರ ಸಜ್ಜನಿಕೆ ಬಿಡಲಿಲ್ಲ. ಜಿಪುಣತನವೆಂದು ಬರೆದರು. ಅವರ ಕೈಗೆ ಎರಡನೆಯ ಹಾಳೆ ಬಂದಿರಲಿಲ್ಲ. ನಾಲ್ಕು ವರ್ಷ ಒಂದೇ ಕಾಂಪೌಂಡಿನಲ್ಲಿದ್ದೂ ನಾವು ಯಾರೂ ಕೊಟ್ಟಿರಲಿಲ್ಲ.

ಕಾದಂಬರಿ ಮೊದಲು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಗುರುವಾರ ಸಂಚಿಕೆ ಬಂದ ಕೂಡಲೇ ನನ್ನ ಪತ್ನಿ ಜಯದೇವಿ ಗಟ್ಟಿಯಾಗಿ ಓದುವುದು, ತಾಯಿಯವರು ಹತ್ತಿಯ ಬತ್ತಿ ಹೊಸೆಯುತ್ತಾ ಕೇಳುವುದು. ಗೌರವ್ವನೆಂದರೆ ಅವರಿಗೆ ಬಹಳ ಇಷ್ಟ. “ಎಲ್ಲಿ ಸಿಕ್ಕಳೇ ಇವ್ಳಿಗೆ ಇಂಥಾ ಜಿಪುಣಿ!” ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ತಂತಿಯ ಜಗಳ ಓದಿದಾಗಲೂ ನಕ್ಕರು. “ಗೌರವ್ವಂದೇ ಸರಿ, ತಂತಿ ಕಟ್ಟಿಸಿದೋಳು ಅವ್ಳಲ್ವಾ?” ಎಂದು ತೀರ್ಪು ಕೊಟ್ಟರು. ಆಮೇಲೆ ತಟ್ಟೆಯ ಸಂಚಿಕೆ ಬಂತು. ಜಯದೇವಿ ಓದುತ್ತಾ ಓದುತ್ತಾ ನಿಲ್ಲಿಸಿಬಿಟ್ಟಳು.

“ಯಾಕೆ ನಿಲ್ಲಿಸ್ದೆ? ಓದು.”

ಓದಿದಳು. ತಾಯಿಯವರು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಬತ್ತಿ ಹೊಸೆಯುತ್ತಲೇ ಕೇಳಿದರು: “ಈ ಗೌರವ್ವ ಯಾವೂರೋಳು ಅಂತ ಬರ್ದಿದಾಳೆ?”

“ಬರ್ದಿಲ್ಲ ಅತ್ತೆ.”

“ತವರುಮನೆ?”

“ಅದೂ ಇಲ್ಲ.”

“ತಾಯಿ ಯಾರಂತೆ?”

“ಇಲ್ಲ ಅತ್ತೆ. ತಾಯಿ ಬರೋದೇ ಇಲ್ಲ.”

“ಹೂಂ,” ಎಂದರು. ಅಷ್ಟೇ.

ಅಂದು ಸಂಜೆ ಎಂದಿನಂತೆ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತೆವು. ನಾನು ಊಟ ಮುಗಿಸಿ, ಎದ್ದು, ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದೆ. ಅದುವರೆಗೆ ನಾನೂ ದಿನವೂ ತೊಳೆದು ಕುಡಿಯುತ್ತಿದ್ದ ತಟ್ಟೆ ಅಂದು ಹಾಗೇ ಇತ್ತು. ಮಾರನೆಯ ದಿನದಿಂದ ತಾಯಿಯವರು ನಮ್ಮ ಜೊತೆ ಕೂರುವುದನ್ನು ಬಿಟ್ಟರು. ಎಲ್ಲರದೂ ಆದ ಮೇಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಒಬ್ಬರೇ ಉಣ್ಣುತ್ತಾರೆ. ಒಂದು ವರ್ಷದ ಮೇಲಾಯಿತು. ಈ ಎರಡು ಸಂಗತಿಗೂ ಸಂಬಂಧವಿದೆ ಎಂದು ನಾನು ವಾದಿಸುತ್ತಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ಇರಲಿ, ಇದು ವಿಷಯಾಂತರವಾಯಿತು.

ಎಲ್ಲಿದ್ದೆ? ಗೌರವ್ವನ ತಾಯಿ.

ಅಧ್ಯಕ್ಷರೇ, ಮುನ್ನೂರು ಪುಟ ಮೀರಿದ ಈ ಕಾದಂಬರಿಯನ್ನು ನಾನು ಎರಡು ಸಲ ಓದಿದ್ದೇನೆ. ಬಾಡಿಗೆಯ ಹೆಂಗಸಿಗೆ ತಾಯಿಯಿದ್ದಾಳೆ, ಅಜ್ಜಿಯಿದ್ದಾಳೆ, ಅಜ್ಜಿಯ ಊರಿನ ನದಿಯಿದೆ. ಅವಳ ಗಂಡನಿಗೆ ಕಷ್ಟಪಟ್ಟು ಓದಿದ ಬಾಲ್ಯವಿದೆ. ಹಾಲಿನ ಚಿಕ್ಕಹನುಮಯ್ಯನಿಗೂ ಬ್ಯಾಡರಹಳ್ಳಿಯಲ್ಲಿ ಒಬ್ಬ ಕುಡುಕ ಅಪ್ಪನಿದ್ದಾನೆ, ಅವನು ಹಾಲಿಗೆ ನೀರು ಬೆರೆಸುವುದನ್ನು ನಾವು ಹಾಗಾಗಿ ಕ್ಷಮಿಸುತ್ತೇವೆ. ಗೌರವ್ವನಿಗೆ ಮಾತ್ರ ಯಾರೂ ಇಲ್ಲ. ಅರವತ್ತು ವರ್ಷದ ಮುದುಕಿಯಾಗಿಯೇ, ಕೈಯಲ್ಲಿ ಬೀಗದ ಕೈ ಹಿಡಿದುಕೊಂಡೇ ಹುಟ್ಟಿದವಳಂತೆ ಮೊದಲನೆಯ ಪುಟದಲ್ಲಿ ಬಂದು ನಿಲ್ಲುತ್ತಾಳೆ. ನೀರು ಬೆರೆಸುವವನಿಗೆ ಸಿಕ್ಕ ನ್ಯಾಯ ನೀರು ಕುಡಿಯುವವಳಿಗೆ ಯಾಕೆ ಸಿಗಲಿಲ್ಲ? ಇದೊಂದೇ ಈ ಕೃತಿಯಲ್ಲಿ ನನಗೆ ಕಂಡ ಎರಕದ ದೋಷ.

ಆಕೆಗೊಬ್ಬ ತಾಯಿಯಿದ್ದಿದ್ದರೆ ಹೇಗಿರುತ್ತಿದ್ದಳು? ಊಹಿಸುವುದು ಕಷ್ಟವೇನಲ್ಲ. ಅವಳ ಹೆಸರು ಹಾಲವ್ವ ಎಂದಿಟ್ಟುಕೊಳ್ಳಿ. ಹರಿಹರದ ಹತ್ತಿರದ ಒಂದು ಹಳ್ಳಿ. ಹೊತ್ತು ಗೊತ್ತಿಲ್ಲದೆ ಬರುವ ಜಂಗಮರಿಗೆ, ದಾರಿಹೋಕರಿಗೆ, ಸಂತೆಗೆ ಬಂದವರಿಗೆ ಉಣ್ಣಿಸುವ ಮನೆ. ಮಕ್ಕಳದು ಕೊನೆಯ ಸಾಲು. ಒಂದು ದಿನ ಆರೇಳು ವರ್ಷದ ಮಗಳು ತಟ್ಟೆಯಲ್ಲಿ ಒಂದು ಹಿಡಿ ಜೋಳದ ನುಚ್ಚು ಬಿಟ್ಟು ಆಟಕ್ಕೆ ಎದ್ದಳು. ಹಾಲವ್ವ ಬೈಯಲಿಲ್ಲ, ಹೊಡೆಯಲಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಗಳು ಬಿಟ್ಟದ್ದನ್ನು ತಾನು ಉಂಡು, ತಟ್ಟೆಗೆ ನೀರು ಹಾಕಿ, ಒಂದು ಅಗುಳೂ ಉಳಿಯದ ಹಾಗೆ ತೊಳೆದು, ಹಣೆಗೆ ಮುಟ್ಟಿಸಿ ಕುಡಿದಳು. ಆಮೇಲೆ ಹೇಳಿದಳು: “ಇದು ನಿಂದಲ್ಲವ್ವಾ. ನಿನ್ನ ತನಕ ಬಂದದ್ದು. ಬಂದದ್ದನ್ನ ಬಿಟ್ಟು ಏಳಬಾರದು.”

ಆ ವರ್ಷವೇ ಊರಿಗೆ ಬಂದ ಜ್ವರದಲ್ಲಿ ಹಾಲವ್ವ ತೀರಿಕೊಂಡಳು. ಮಗಳಿಗೆ ತಾಯಿಯ ಮುಖ ಅಷ್ಟಾಗಿ ನೆನಪಿಲ್ಲ. ಫೋಟೋ ಇಲ್ಲ. ತಾಯಿಯಿಂದ ಉಳಿದದ್ದು ಆ ತಟ್ಟೆಯ ನೀರೊಂದೇ. ದಿನಕ್ಕೆ ಎರಡು ಸಲ, ಊಟದ ಕೊನೆಯಲ್ಲಿ, ಅರೆಗಳಿಗೆ ಕಣ್ಣು ಮುಚ್ಚಿಕೊಂಡು ಅವಳು ತಾಯಿಯ ಪಕ್ಕದಲ್ಲಿ ಕುಳಿತಿರುತ್ತಾಳೆ.

ಕ್ಷಮಿಸಿ. ಈ ಮೈಕು ಆಗಾಗ ಹೀಗೆ ಕೈಕೊಡುತ್ತದೆ. ಸ್ವಲ್ಪ ನೀರು ಕುಡಿಯುತ್ತೇನೆ.

ಇದು ಊಹೆ ಎಂದೆ. ಊಹೆಯಲ್ಲ. ಮೂರು ದಿನದ ಹಿಂದೆ ತಾಯಿಯವರೇ ನನಗೆ ಹೇಳಿದ್ದು. ಅಲ್ಲಿಯವರೆಗೆ ನನ್ನ ಅಜ್ಜಿಯ ಹೆಸರು ಹಾಲವ್ವ ಎಂಬುದೂ ನನಗೆ ಗೊತ್ತಿರಲಿಲ್ಲ. ಕಾದಂಬರಿಗಾರ್ತಿ ಕೇಳಲಿಲ್ಲ ಎಂದು ದೋಷ ಹುಡುಕಿದೆನಲ್ಲ, ಮಗ ಕೇಳಿದ್ದನೇ? ಈ ಪ್ರಶ್ನೆ ನನ್ನ ವಿಷಯದ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಮುಂದೆ ಹೋಗುತ್ತೇನೆ.

ತಾಯಿಯವರು ಹೇಳಿದ ಸಂದರ್ಭ ಊಟದ ಏರ್ಪಾಟಿನದು. ಈ ಸಮಾರಂಭದ ಊಟದ ಉಸ್ತುವಾರಿ ನನ್ನದು. ನಾನು ಮುತ್ತುಗದ ಎಲೆಗೆ ಹೇಳಿದ್ದೆ. ತಟ್ಟೆಗಳು ಬಾಡಿಗೆಗೆ ಸಿಗುವಾಗ ಎಲೆ ಯಾಕೆ ಎಂದು ಶ್ಯಾಮಸುಂದರ ಕೇಳಿದರು. ಎಲೆಯೂಟ ನಮ್ಮ ಸಂಸ್ಕೃತಿ ಎಂದು ಐದು ನಿಮಿಷ ಮಾತಾಡಿದೆ. ಅವರು ನಂಬಿದರು. ಮನೆಯಲ್ಲಿ ತಾಯಿಯವರು ನಂಬಲಿಲ್ಲ.

“ಎಲೆ ಯಾಕಪ್ಪಾ?” ಎಂದರು.

“ತೊಳೆಯೋ ಕೆಲಸ ಇರಲ್ಲ ಅವ್ವಾ.”

“ಅದೇ. ಎಲೇಲಿ ನೀರು ನಿಲ್ಲಲ್ಲ.”

ಆಗಲೇ ಹಾಲವ್ವನ ಸಂಗತಿ ಹೇಳಿದ್ದು, ಅಕ್ಕಿ ಕೇರುತ್ತಾ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. ಈ ದಿನ ಬೆಳಿಗ್ಗೆ ಅಟ್ಟದ ಮೇಲಿದ್ದ ನಮ್ಮ ಮನೆಯ ತಟ್ಟೆಗಳನ್ನೆಲ್ಲ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿಸಿ, ಆಟೋದಲ್ಲಿ ಜಯದೇವಿಯ ಜೊತೆ ಇಲ್ಲಿಗೆ ಕಳಿಸಿದ್ದಾರೆ. ಸಾಲದ್ದಕ್ಕೆ ಶ್ಯಾಮಸುಂದರ ಬಾಡಿಗೆಗೂ ತಂದರು. ಹಾಗಾಗಿ ಇಂದಿನ ಊಟ ಎಲ್ಲರಿಗೂ ತಟ್ಟೆಯಲ್ಲಿ. ತಾಯಿಯವರು ಹಿಂದೆ ಅಡುಗೆಯ ಕಡೆ ಇದ್ದಾರೆ. ಇಲ್ಲಿಯ ಮಾತು ಅಲ್ಲಿಗೆ ಕೇಳಿಸುವುದಿಲ್ಲ, ನಾನು ಪರೀಕ್ಷಿಸಿದ್ದೇನೆ. ನಾನು ಮನೆಯಿಂದ ಹೊರಡುವಾಗ ಮಾತ್ರ ಕರೆದು ಒಂದು ಮಾತು ಹೇಳಿದರು. ಅದನ್ನು ಅವರ ಮಾತಿನಲ್ಲೇ ಒಪ್ಪಿಸಿ ನನ್ನ ಭಾಷಣ ಮುಗಿಸುತ್ತೇನೆ.

“ಲಕ್ಷ್ಮಿ ಒಳ್ಳೆ ಹುಡುಗಿ. ಅವ್ಳಿಗೆ ಏನೂ ಅನ್ನಬೇಡ. ಪುಸ್ತಕದಲ್ಲಿ ಆ ನೀರಿನ ಮಾತು ತೆಗೀ ಅಂತಾನೂ ಹೇಳಬೇಡ, ಕುಡಿಯೋದು ಕುಡೀತೀನಲ್ಲ. ಗೌರವ್ವಂಗೆ ಒಬ್ಬ ತಾಯೀನ ಕೊಡು ಅನ್ನು, ಸಾಕು. ಊಟಕ್ಕೆ ಅವ್ಳ ಪಕ್ಕದಲ್ಲಿ ನಾನು ಕೂರ್ತೀನಿ.”

ಅನಂತಲಕ್ಷ್ಮಿಯವರೇ, ನಿಮ್ಮ ಕಾದಂಬರಿಯ ಎರಡನೆಯ ಮುದ್ರಣ ಬರುತ್ತಿದೆಯೆಂದು ಅಧ್ಯಕ್ಷರು ಈಗ ತಾನೇ ಪ್ರಕಟಿಸಿದರು. ನಾನು ನಿಮ್ಮಿಂದ ಕ್ಷಮಾಪಣೆ ಕೇಳುತ್ತಿಲ್ಲ, ತಿದ್ದುಪಡಿಯನ್ನೂ ಕೇಳುತ್ತಿಲ್ಲ. ಎರಡನೆಯ ಹಾಳೆಯನ್ನು ತಲುಪಿಸಿದ್ದೇನೆ. ಬರೆಯುವುದು ಬಿಡುವುದು ನಿಮ್ಮದು. ಒಂದು ವರ್ಷದ ಮೇಲೆ ಇಂದು ಅವರು ಸಾಲಿನಲ್ಲಿ ಕುಳಿತು ಊಟ ಮಾಡಲಿದ್ದಾರೆ, ಅದೂ ನಿಮ್ಮ ಪಕ್ಕದಲ್ಲಿ. ಊಟದ ಕೊನೆಯಲ್ಲಿ ಅವರು ತಟ್ಟೆಗೆ ನೀರು ಹಾಕಿದಾಗ ನೀವು ಬೇರೆ ಕಡೆ ನೋಡಬೇಕಾಗಿಲ್ಲ. ನೋಡಿ. ಈ ಸಲ ಕಿಟಕಿಯಿಂದಲ್ಲ, ಹತ್ತಿರದಿಂದ.

ಅವರ ಇನ್ನೊಂದು ಪಕ್ಕದಲ್ಲಿ ಯಾರು ಕೂರಬೇಕೆಂದು ತಾಯಿಯವರು ಹೇಳಲಿಲ್ಲ. ಆ ಜಾಗದಲ್ಲಿ ನಾನು ಟವೆಲ್ ಹಾಸಿಟ್ಟು ಬಂದಿದ್ದೇನೆ.

ಕೇಳಿದ ನಿಮಗೆ, ಗಡಿಯಾರ ನೋಡಿಯೂ ಗಂಟೆ ಬಾರಿಸದ ಅಧ್ಯಕ್ಷರಿಗೆ, ನಮ್ಮ ವರಾಂಡದ ಅರೆಬೆಳಕಿನಲ್ಲೇ ಇಂಥ ಕಾದಂಬರಿ ಬರೆದ ಲೇಖಕಿಯವರಿಗೆ ನನ್ನ ಕೃತಜ್ಞತೆ. ಬಡಿಸುವವರಲ್ಲಿ ಮಾತ್ರ ಒಂದು ವಿನಂತಿ. ಮೊದಲನೆಯ ಪಂಕ್ತಿಯಲ್ಲಿ ನಮ್ಮ ಕಡೆಗೆ ನೀರಿನ ಚೆಂಬು ಒಂದು ಸಾಲುವುದಿಲ್ಲ. ನನ್ನ ತಟ್ಟೆಗೂ ಬೇಕು.

ನಮಸ್ಕಾರ.